ಪಿ.ಟಿ. ಮೇಡಂ ರಾಜೀನಾಮೆ ಕೊಡಲಿಲ್ಲ

ಸುಧಾಮಣಿಗೆ ಕೋಪ ಬಂದರೆ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿ, ಮೈದಾನದ ಈ ತುದಿಯಿಂದ ಆ ತುದಿಗೆ ಕೂಗಿ ಕೂಗಿ ಪಳಗಿದ ಗಂಟಲು ಅವಳದು. ವಿಷಲ್ ಕಳೆದುಹೋದ ದಿನವೂ ಅವಳ ಡ್ರಿಲ್ ನಿಂತದ್ದಿಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನೆದುರು ಬೈಕು ನಿಲ್ಲಿಸಿಕೊಂಡು ಹಲ್ಲು ಕಿರಿಯುತ್ತಿದ್ದ ಪಡ್ಡೆಗಳ ಕೀ ಕಿತ್ತು ಸ್ಟಾಫ್ ರೂಮಿನ ಬೀರುವಿಗೆ ಹಾಕಿ, “ನಿಮ್ಮವ್ವನ್ನ ಕರ್ಕಂಡ್ ಬಂದು ತಕ್ಕೊಂಡೋಗಿ” ಎಂದು ಕಳಿಸುತ್ತಿದ್ದಳು. ಅಪ್ಪನನ್ನಲ್ಲ, ಅವ್ವನನ್ನೇ. ಅಪ್ಪಂದಿರು ಬಂದರೆ ನಕ್ಕು ಕೀ ಕೇಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಆ ಕೋಪಕ್ಕೆ ಒಂದು ಬೇರು ಇತ್ತು, ಅದು ಅವಳ ತವರು ಭೀಮನಬೀಡಿನಲ್ಲಿತ್ತು. ಅಕ್ಕ ಪುಟ್ಟಮಾದಮ್ಮನಿಗೆ ಅವಳ ಗಂಡ ಕಪಾಳಕ್ಕೆ ಹೊಡೆದು ಹೊಡೆದು ಎಡಗಿವಿ ಕೆಡಿಸಿಬಿಟ್ಟಿದ್ದ. ಅಕ್ಕ ತವರಿಗೆ ಓಡಿ ಬಂದಾಗಲೆಲ್ಲ ಊರ ಯಜಮಾನರು ಜಗುಲಿಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದರು. ಅಪ್ಪ ಲಿಂಗಯ್ಯ ಕೈಕಟ್ಟಿ ನಿಲ್ಲುತ್ತಿದ್ದ. ನ್ಯಾಯ ಮುಗಿದ ಮೇಲೆ ಊಟ. ಲಂಗ ಉಟ್ಟ ಸುಧಾಮಣಿ ಅವರಿಗೆಲ್ಲ ಪಾಯಸ ಬಡಿಸಬೇಕು. ಪಾಯಸ ಉಂಡು ಕೈ ತೊಳೆದವರು ಅಕ್ಕನನ್ನು ಮತ್ತೆ ಗಂಡನ ಹಿಂದೆ ಕಳಿಸಿ ತೇಗುತ್ತಾ ಹೋಗುತ್ತಿದ್ದರು. ಆ ತೇಗು ಸುಧಾಮಣಿಯ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅಕ್ಕ ಈಗಲೂ ಇದ್ದಾಳೆ. ಫೋನ್ ಮಾಡಿದರೆ, “ತಡಿ ತಡಿ, ಬಲಗಿವಿಗೆ ಇಟ್ಕತೀನಿ” ಅನ್ನುತ್ತಾಳೆ. ಅವಳ ಗಂಡ ಸತ್ತು ಎಷ್ಟೋ ಕಾಲವಾಯಿತು.

ಸುಧಾಮಣಿ ನಿವೃತ್ತಳಾದ ವರ್ಷವೇ ಚಾಮರಾಜನಗರದಿಂದ ಗಂಗಾಧರಸ್ವಾಮಿ ಕಾರಿನಲ್ಲಿ ಮನೆಗೆ ಬಂದರು. ಅರಿಸಿನ ವ್ಯಾಪಾರದಲ್ಲಿ ಕೈ ತುಂಬಿದ ಮನುಷ್ಯ. ಜನ ಸಾವ್ಕಾರ್ರು ಅನ್ನುತ್ತಿದ್ದರು. ತಾಯಿಯ ನೆನಪಿಗೆ ‘ತಾಯ್ನೆರಳು’ ಎಂಬ ಟ್ರಸ್ಟ್ ಮಾಡಿ, ಗಂಡನ ಮನೆಯ ಹಿಂಸೆ ತಾಳಲಾರದೆ ಬಂದ ಹೆಂಗಸರಿಗೆ ಇರಲು ಒಂದು ಮನೆ ನಡೆಸುತ್ತಿದ್ದರು. ಶಾಲು, ಹಣ್ಣಿನ ತಟ್ಟೆ ಮುಂದಿಟ್ಟು, “ಮೇಡಂ, ನಮ್ಮ ಟ್ರಸ್ಟಲ್ಲಿ ಎಲ್ಲ ಗಂಡಸ್ರೇ ಆಗ್ಬುಟ್ಟೋ. ಹೆಣ್ಮಕ್ಕಳ ಮನೆ ನಡೆಸೋಕೆ ನಿಮ್ಮಂಥ ಗಟ್ಟಿ ಹೆಂಗಸು ಬೇಕು. ಸಂಬಳ ಗಿಂಬಳ ಏನಿಲ್ಲ, ಸೇವೆ” ಅಂದರು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಗಂಡ ಶಿವಸ್ವಾಮಿ, ಕಾರು ಹೋದ ಮೇಲೆ ಶಾಲು ಮಡಿಸುತ್ತಾ ಅಂದ: “ಗಟ್ಟಿ ಹೆಂಗ್ಸು ಬೇಕು ಅಂತ ಬಾಯಲ್ಲಿ ಯೋಳ್ತರೆ. ಫೋಟೋದಲ್ಲಿ ನಿಲ್ಲಾಕೆ ಒಂದು ಸೀರೆ ಬೇಕು ಅಷ್ಟೆ. ನೋಡು ಬೇಕಾರೆ.”

“ನಿಲ್ಸ್ಕೊಳ್ಳಿ. ನಿಂತ್ಕಂಡೋಳು ಸುಮ್ನಿರ್ತಾಳಾ ಅನ್ನೋದನ್ನ ಆಮೇಲೆ ನೋಡ್ಕಳನ” ಎಂದಳು ಸುಧಾಮಣಿ.

ಮೊದಮೊದಲು ಶಿವಸ್ವಾಮಿಯ ಮಾತೇ ನಿಜವಾಯಿತು. ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿ, ತೆರಕಣಾಂಬಿ ದಾಟಿ ಚಾಮರಾಜನಗರಕ್ಕೆ ಹೋಗುವಳು. ಸಾವ್ಕಾರರ ಅರಿಸಿನ ಮಂಡಿಯ ಮೇಲಿನ ಕೋಣೆಯಲ್ಲಿ ಮೀಟಿಂಗು. ಸಾವ್ಕಾರರು ಅಧ್ಯಕ್ಷರು, ಲಾಯರ್ ಚಂದ್ರಕುಮಾರ್ ಕಾರ್ಯದರ್ಶಿ, ಉಳಿದಂತೆ ಸಾವ್ಕಾರರ ಷಡ್ಡಕ ಮತ್ತು ತಮ್ಮನ ಮಗ. ಬಿಸಿ ಬೋಂಡಾ ಬರುವುದು. ಸಾವ್ಕಾರರು ಹೇಳುವರು, ಉಳಿದವರು ತಲೆಯಾಡಿಸುವರು. “ವಂದನಾರ್ಪಣೆ ಮಾತ್ರ ಮೇಡಂ ಮಾಡ್ಲಿ” ಎನ್ನುವರು. ಸುಧಾಮಣಿ ವಂದನಾರ್ಪಣೆ ಮಾಡದೆ, “ಬಾತ್‌ರೂಮಿನ ಚಿಲಕ ಮುರಿದು ತಿಂಗಳಾಯ್ತು, ಯಾರು ಹಾಕಿಸ್ತೀರಾ?” ಎಂದು ಕೇಳುವಳು. ಷಡ್ಡಕರು ಬೋಂಡಾ ಕಡೆ ನೋಡುವರು.

ಚಿಲಕದ ವಿಷಯ ಅವಳಿಗೆ ಹೇಳಿದ್ದು ತಾಹಿರಾ. ತಾಯ್ನೆರಳಿನ ವಾರ್ಡನ್. ಚಾಮರಾಜನಗರದ ಪೇಟೆಯಲ್ಲೇ ಹುಟ್ಟಿ ಬೆಳೆದವಳು. ಬೀಗ ರಿಪೇರಿ ಮಾಡುತ್ತಿದ್ದ ಗಂಡ ಪೀರ್ ಪಾಷಾ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದ್ದಳು. ಮೆಲ್ಲಗೆ ಮಾತಾಡುವ ಹೆಂಗಸು. ಸುಧಾಮಣಿ ಮೀಟಿಂಗಿಗೆ ಬಂದ ದಿನವೆಲ್ಲ ಆ ಮನೆಗೂ ಹೋಗಿ, ಅಡುಗೆಮನೆಯಲ್ಲಿ ಅವಳ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಾ ಮಾತಾಡಿ ಬರುತ್ತಿದ್ದಳು. ಅಲ್ಲಿಯೇ ಮಾನಸಳನ್ನು ಕಂಡದ್ದು.

ಮಾನಸಳನ್ನು ಗುಂಡ್ಲುಪೇಟೆ ಹತ್ತಿರದ ಮದ್ದೂರು ಕಡೆಯ ಕಾಡಂಚಿನ ಹಳ್ಳಿಗೆ ಕೊಟ್ಟಿದ್ದರು. ಹತ್ತಿರದ ರೆಸಾರ್ಟಿನಲ್ಲಿ ಕೋಣೆ ಸ್ವಚ್ಛ ಮಾಡುವ ಕೆಲಸ ಸಿಕ್ಕಿತ್ತು, ಹೋಗುತ್ತೇನೆ ಅಂದಳು. “ಈ ಕೈಯಲ್ಲೇ ತಾನೇ ದುಡಿಯಾಕ್ ಓಗದು?” ಎಂದು ಗಂಡ ಆ ಕೈಯನ್ನು ಕಾದ ಹೆಂಚಿನ ಮೇಲೆ ಒತ್ತಿ ಹಿಡಿದ. ಅವಳು ಇಲ್ಲಿಗೆ ಬಂದು ಸೇರಿದ್ದು ಯಾರಿಗೂ ತಿಳಿದಿರಲಿಲ್ಲ. ಅಂಗೈಯ ಚರ್ಮ ಮುದುರಿ, ಬೆರಳು ಪೂರಾ ಬಿಚ್ಚಲಾಗದೆ ಇತ್ತು. ಆದರೂ ತಾಹಿರಾಳ ಹತ್ತಿರ ಹೊಲಿಗೆ ಕಲಿಯುತ್ತಿದ್ದಳು. ಸುಧಾಮಣಿ ಹೋದಾಗ ಎದ್ದು ನಿಂತು ನಮಸ್ಕಾರ ಹೇಳುವಳು, ಅಷ್ಟೆ. ಹೆಚ್ಚು ಮಾತಿಲ್ಲ.

ತಾಯ್ನೆರಳಿಗೆ ಹೊಸ ಮಹಡಿ ಕಟ್ಟಿದಾಗ ಸಾವ್ಕಾರರು ದೊಡ್ಡ ಸಮಾರಂಭ ಇಟ್ಟುಕೊಂಡರು. ಮಹಡಿಗೆ ದಾನ ಕೊಟ್ಟ ಮೈಸೂರಿನ ಧನಿಕರೊಬ್ಬರು ಬರುವವರು. ಮನೆಯಲ್ಲಿರುವ ಹೆಂಗಸರನ್ನು ವೇದಿಕೆಗೆ ಕರೆದು ಅವರ ಕೈಯಿಂದ ಸೀರೆ ಕೊಡಿಸುವುದು ಎಂದು ಮೀಟಿಂಗಿನಲ್ಲಿ ಹೇಳಿದರು.

“ಅವ್ರನ್ನ ವೇದಿಕೆ ಮೇಲೆ ನಿಲ್ಸದಾ?” ಸುಧಾಮಣಿಯ ದನಿ ಏರಿತು. “ಬಚ್ಚಿಟ್ಟುಕೊಳ್ಳೋಕೆ ಬಂದಿರೋರು ಸ್ವಾಮಿ ಅವರು. ಬಹುಮಾನ ಗೆದ್ದೋರಲ್ಲ.”

“ದಾನ ಕೊಟ್ಟೋರು ಯಾರಿಗೆ ಕೊಟ್ಟೋ ಅಂತ ಒಂದ್ಸಲ ನೋಡ್ಬೇಡ್ವಾ ಮೇಡಂ?” ಸಾವ್ಕಾರರು ನಗುತ್ತಲೇ ಅಂದರು. “ಫೋಟೋ ಗೀಟೋ ಏನೂ ಇರಲ್ಲ. ಮಾತು ಕೊಡ್ತೀನಿ.”

ಮಾತು ಕೊಟ್ಟರಲ್ಲ ಎಂದು ಅವಳು ಸುಮ್ಮನಾದಳು.

ಸಮಾರಂಭದ ದಿನ ವೇದಿಕೆಯ ಮುಂದೆ ಮೊಬೈಲುಗಳೇ ಮೊಬೈಲು. ಊರಿನ ಯೂಟ್ಯೂಬ್ ಚಾನೆಲ್ಲಿನವನೊಬ್ಬ ಮೈಕು ಹಿಡಿದು ಬಂದಿದ್ದ. ಸಾವ್ಕಾರರ ತಮ್ಮನ ಮಗನೇ ಅವನನ್ನು ಕರೆಸಿದ್ದ. ಸುಧಾಮಣಿ ವೇದಿಕೆಯ ಮೇಲೆ, ತಲೆಗೆ ಪೇಟ ಸುತ್ತಿಸಿಕೊಂಡು ಕೂತಿದ್ದಳು. ಮಾನಸಳ ಹೆಸರು ಕೂಗಿದರು, ಅವಳ ತವರೂರಿನ ಹೆಸರನ್ನೂ ಸೇರಿಸಿ ಕೂಗಿದರು. ಅವಳು ತಲೆ ತಗ್ಗಿಸಿ ಬಂದು ಸೀರೆ ಇಸಿದುಕೊಂಡಳು. “ಇನ್ನೊಂದ್ಸಲ ಇಸ್ಕೊಳಮ್ಮ, ಸರ್ಯಾಗಿ ಬಂದಿಲ್ಲ. ಆ ಕೈ ಕಾಣೋ ಹಂಗೆ” ಎಂದ ಚಾನೆಲ್ಲಿನವನು. ಕೊಟ್ಟ ಸೀರೆಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ಕೊಟ್ಟರು. ಸುಧಾಮಣಿ ಸಾವ್ಕಾರರ ಕಡೆ ಬಗ್ಗಿ, “ಏನಿದು? ನಿಲ್ಸಿ ಇದನ್ನ” ಎಂದಳು. “ಈಗ ಗಲಾಟೆ ಬೇಡ ಮೇಡಂ, ಅತಿಥಿಗಳವ್ರೆ” ಎಂದು ಅವರು ಹಲ್ಲು ಬಿಗಿಹಿಡಿದೇ ನಕ್ಕರು. ಅವಳು ಕೂತೇ ಇದ್ದಳು. ಅತಿಥಿಯ ಭಾಷಣ ಮುಗಿಯುವ ಹೊತ್ತಿಗೆ ಪೇಟದ ಕೆಳಗೆ ನೆತ್ತಿ ಕುದಿಯುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅದೇ ಪೇಟವನ್ನು ಸಾವ್ಕಾರರ ಕುರ್ಚಿಯ ಮೇಲೆ ಒಗೆದು, ಊಟಕ್ಕೂ ನಿಲ್ಲದೆ ಬಸ್ ಹತ್ತಿದಳು.

ಒಗೆದ ಪೇಟದಿಂದ ಏನಾಗಬೇಕು? ವಿಡಿಯೋ ಅಷ್ಟೊತ್ತಿಗೆ ಊರೂರು ಸುತ್ತಿತ್ತು.

ವಾರ ಕಳೆದಿರಲಿಲ್ಲ. ಬೆಳಿಗ್ಗೆ ಸುಧಾಮಣಿ ರೊಟ್ಟಿ ತಟ್ಟುತ್ತಿದ್ದಾಗ ತಾಹಿರಾ ಫೋನ್ ಮಾಡಿದಳು. ಯಾವತ್ತೂ ಮೆಲ್ಲಗೆ ಮಾತಾಡುವವಳ ದನಿ ಒಡೆದಿತ್ತು.

“ಮೇಡಂ, ಮಾನಸನ ಗಂಡ ಬಂದವ್ನೆ. ಊರಿನ ಹಿರೀಕ್ರು ನಾಕೈದು ಜನ ಕರ್ಕಂಡು ಸಾವ್ಕಾರ್ರ ಮಂಡೀಲಿ ಕುಂತವ್ನೆ. ಹುಡುಗೀನ ಮಂಡಿಗೆ ಕಳ್ಸು, ರಾಜಿ ಮಾಡ್ಸಿ ಇವತ್ತೇ ಗಂಡನ ಜೊತೆ ಕಳಿಸ್ಕೊಡ್ತೀವಿ ಅಂತ ಸಾವ್ಕಾರ್ರು ಕಾರು ಕಳ್ಸವ್ರೆ. ನಾನು ಬಾಗ್ಲು ಹಾಕ್ಕಂಡಿವ್ನಿ. ಎಷ್ಟೊತ್ತು ಹಾಕ್ಕಳದು?”

“ಬತ್ತಾ ಇದ್ದೀನಿ. ತೆಗೀಬ್ಯಾಡ.”

ಹಿಟ್ಟಿನ ಕೈ ತೊಳೆದಳೋ ಇಲ್ಲವೋ. ಶಿವಸ್ವಾಮಿ ಸ್ಕೂಟರಿನಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟ. ಅವತ್ತು ಬಸ್ಸು ತೆರಕಣಾಂಬಿಯಲ್ಲಿ ತರಕಾರಿ ಮೂಟೆ ಹೇರಿಕೊಳ್ಳಲು ನಿಂತೇ ನಿಂತಿತು. “ಏನಪ್ಪಾ, ಮದ್ವೆ ಮಾಡ್ಕೊಂಡು ಇಲ್ಲೇ ಇದ್ಬುಡ್ತೀಯಾ?” ಎಂದು ಸುಧಾಮಣಿ ಡ್ರೈವರನಿಗೆ ಕೂಗಿದಳು. ಇಡೀ ಬಸ್ಸು ತಿರುಗಿ ನೋಡಿತು. ಅವಳ ಕಣ್ಣ ಮುಂದೆ ಇದ್ದದ್ದು ಡ್ರೈವರನಲ್ಲ. ಭೀಮನಬೀಡಿನ ಜಗುಲಿ, ಅಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದ ಯಜಮಾನರು.

ಅವಳು ಚಾಮರಾಜನಗರ ಮುಟ್ಟುವಷ್ಟರಲ್ಲಿ ಸಾವ್ಕಾರರು ತಾವೇ ತಾಯ್ನೆರಳಿಗೆ ಹೋಗಿ ಬಾಗಿಲು ತೆಗೆಸಿದ್ದರು. ಸಂಬಳ ಕೊಡುವವರು, ಕಟ್ಟಡದ ಒಡೆಯರು ಹೊರಗೆ ನಿಂತು ಗದರಿದರೆ ತಾಹಿರಾ ಎಷ್ಟೆಂದು ತಡೆಯುತ್ತಾಳೆ? ಆದರೂ ಮಾನಸಳನ್ನು ಒಬ್ಬಳನ್ನೇ ಬಿಡದೆ ಮಂಡಿಗೆ ಜೊತೆಯಲ್ಲೇ ಬಂದಿದ್ದಳು. ಮಂಡಿಯ ಮೇಲಿನ ಅದೇ ಕೋಣೆ. ಅದೇ ಬೋಂಡಾ. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮುಂದೆ ಸೇಬಿನ ಹಣ್ಣಿನ ಕವರು ಇಟ್ಟುಕೊಂಡು ಕೂತಿದ್ದ. ಮಾನಸ ಗೋಡೆಗೆ ಅಂಟಿ ನಿಂತಿದ್ದಳು, ಸುಟ್ಟ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು.

“ಬನ್ನಿ ಬನ್ನಿ ಮೇಡಂ, ಒಳ್ಳೆ ಗಳಿಗೇಲೇ ಬಂದ್ರಿ” ಎಂದರು ಸಾವ್ಕಾರರು. “ಒಡೆದ ಸಂಸಾರ ಒಂದು ಮಾಡ್ತಾ ಇದ್ದೀವಿ. ತಪ್ಪಾಯ್ತು ಅಂತ ಒಪ್ಕೊಂಡವ್ನೆ.”

“ಏನೋ ಸಿಟ್ಟಲ್ಲಿ ಆಗೋಯ್ತು ಕನಮ್ಮ” ಎಂದರು ಹಿರಿಯರಲ್ಲೊಬ್ಬರು. “ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಊರವ್ರೆಲ್ಲ ಆ ವೀಡಿಯೋ ನೋಡ್ಕಂಡು ನಮ್ ಮಖಕ್ಕೆ ಉಗಿತಾವ್ರೆ. ಮನೆ ಮರ್ವಾದೆ ಓಯ್ತದೆ. ಕಳ್ಸಿಕೊಡಿ.”

“ಯಾರ ಮರ್ಯಾದೆ?” ಎಂದಳು ಸುಧಾಮಣಿ. “ಹೆಂಚಿನ ಮೇಲೆ ಕೈ ಇಟ್ಟು ಒತ್ತಿದಾಗ ಹೋಗ್ಲಿಲ್ವಾ ಅದು? ವಿಡಿಯೋ ನೋಡಿದ್ ಮ್ಯಾಲೆ ಹೋಯ್ತಾ?”

“ಮೇಡಂ, ಸ್ವಲ್ಪ ನಿಧಾನ” ಎಂದರು ಲಾಯರ್ ಚಂದ್ರಕುಮಾರ್.

“ಈ ಹುಡುಗೀನ ಯಾರಾದ್ರೂ ಕೇಳಿದ್ರಾ? ಹೋಗ್ತೀಯಾ ಅಂತ?”

“ಕೇಳದೇನೈತೆ? ಗಂಡ ಕರ್ಯಾಕ್ ಬಂದವ್ನೆ, ಓಯ್ತಾಳೆ” ಎಂದ ಗಂಡ, ಕೂತಲ್ಲಿಂದಲೇ. ಆಮೇಲೆ ಗೋಡೆಯ ಕಡೆ ತಿರುಗಿ, “ಏಯ್, ಬಾರಮ್ಮಿ ಇಲ್ಲಿ” ಎಂದು ಕೈಸನ್ನೆ ಮಾಡಿದ.

“ಎಲ್ಲಾ ಎದ್ದೇಳ್ರೀ!”

ಅದು ಮೈದಾನದ ದನಿ. ಕೋಣೆಯ ಗಾಜು ನಡುಗಿತು. ಹಿರಿಯರು ದಡಕ್ಕನೆ ಎದ್ದರು. ಷಡ್ಡಕರು ಬೋಂಡಾ ಕೈಯಲ್ಲಿ ಹಿಡಿದೇ ಎದ್ದರು. ಲಾಯರೂ ಎದ್ದು ನಿಂತು, ಯಾಕೆ ಎದ್ದೆ ಎಂದು ತಿಳಿಯದೆ ಟೈ ಸರಿಮಾಡಿಕೊಂಡರು. ಗಂಡನೂ ಅರ್ಧ ಎದ್ದಿದ್ದ. ಸುಧಾಮಣಿ ಆ ಸಂದಿಯಲ್ಲೇ ದಾಟಿ ಹೋಗಿ ಮಾನಸಳ ತೋಳು ಹಿಡಿದು, ತಾಹಿರಾಳನ್ನೂ ಕರೆದುಕೊಂಡು ಪಕ್ಕದ ಅರಿಸಿನ ಮೂಟೆಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಗದ್ದಲ ಎದ್ದಿತು.

“ಹೇಳು ಮಗ. ನಿಂಗೇನ್ ಬೇಕು?”

ಮಾನಸ ತಲೆ ಎತ್ತಿದಳು. ಅಳುತ್ತಿರಲಿಲ್ಲ. ಅವಳ ಕಣ್ಣಲ್ಲಿದ್ದದ್ದನ್ನು ಸುಧಾಮಣಿ ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದಳು.

“ಅವ್ನ ಜೊತೆ ನಾನು ಓಗಕಿಲ್ಲ. ನಿಮ್ ತಾಯ್ನೆರಳಲ್ಲೂ ಇರಾಕಿಲ್ಲ” ಅಂದಳು. “ಅವ್ನು ಕೈ ಸುಟ್ಟ, ನೀವು ಆ ಕೈನ ಜಗತ್ತಿಗೆಲ್ಲ ತೋರ್ಸುದ್ರಿ. ಎರಡ್ ಎರಡ್ ಸಲ ಸೀರೆ ಇಸ್ಕೊಂಡೆ. ನೀವೂ ಅಲ್ಲೇ ಕುಂತಿದ್ರಲ್ಲ ಮೇಡಂ, ಪೇಟ ಸುತ್ಕಂಡು.”

ಜೀವಮಾನವೆಲ್ಲ ಬೈದು ಬದುಕಿದ ಸುಧಾಮಣಿಗೆ ಬೈಸಿಕೊಳ್ಳುವುದು ಹೇಗೆಂದು ಗೊತ್ತಿರಲಿಲ್ಲ. ತಾಹಿರಾ ಕಿಟಕಿಯ ಕಡೆ ನೋಡುತ್ತಿದ್ದಳು. ಅರಿಸಿನದ ಘಾಟಿಗೆ ಮೂವರೂ ಕೆಮ್ಮಿದರು.

“ಸರಿ” ಎಂದಳು ಸುಧಾಮಣಿ ಕೊನೆಗೆ. “ನಂಗೆ ಬಯ್ಯೋದು ಬಾಕಿ ಇದ್ರೆ ದಾರೀಲಿ ಬೈಯಿ. ಈಗ ಹೊರಡು.”

ಮೂಟೆ ಇಳಿಸಲು ಆ ಕೋಣೆಗಿದ್ದ ಹಿಂಬಾಗಿಲ ಮೆಟ್ಟಿಲಿಂದ ಇಳಿದು ಮೂವರೂ ಆಟೋ ಹಿಡಿದರು. ಹೆಂಗಸರ ಮೇಲಿನ ದೌರ್ಜನ್ಯದ ದೂರು ನೋಡುವ ಸಂರಕ್ಷಣಾಧಿಕಾರಿಯ ಕಚೇರಿಗೆ ನೇರವಾಗಿ ಹೋದರು. ಅಧಿಕಾರಿ ಚಿಕ್ಕ ವಯಸ್ಸಿನ ಹೆಂಗಸು. ಮಾನಸ ಹೇಳಿದ್ದನ್ನು ಕೊನೆಯವರೆಗೂ ಕೇಳಿದಳು. ಗಂಡ ಹತ್ತಿರ ಸುಳಿಯದಂತೆ ಕೋರ್ಟಿನಿಂದ ಆದೇಶ ಕೇಳಲು ಅರ್ಜಿ ಹಾಕಿಸಿದಳು, ಪೊಲೀಸರಿಗೂ ತಿಳಿಸಿದಳು. ಮಾನಸಳನ್ನು ಅಂದೇ ಬೇರೊಂದು ಊರಿನ ಆಶ್ರಯಕ್ಕೆ ಕಳಿಸಲು ಏರ್ಪಾಟಾಯಿತು. ಜೀಪು ಹತ್ತುವಾಗ ಅವಳು ತಾಹಿರಾಳನ್ನು ತಬ್ಬಿಕೊಂಡಳು. ಸುಧಾಮಣಿಯ ಕಡೆ ಒಮ್ಮೆ ನೋಡಿದಳು, ಅಷ್ಟೆ.

ಸಾವ್ಕಾರರು ಸುಮ್ಮನಿರುವವರಲ್ಲ. ತುರ್ತು ಮೀಟಿಂಗ್ ಕರೆದರು. “ಮೇಡಂ ನಮ್ಮನ್ನ ಹಳ್ಳಿಯವ್ರ ಮುಂದೆ ಸ್ಕೂಲ್ ಮಕ್ಕಳ ತರ ಎಬ್ಬಿಸಿ ನಿಲ್ಲಿಸಿದ್ರು. ಗೌರವವಾಗಿ ರಾಜೀನಾಮೆ ಕೊಟ್ರೆ ಅವರಿಗೂ ಒಳ್ಳೇದು” ಎಂದರು. ಮುಖದಲ್ಲಿ ನಗು ಇರಲಿಲ್ಲ.

“ಕೊಡಲ್ಲ” ಎಂದಳು ಸುಧಾಮಣಿ. “ಕೊಡಬೇಕಾದೋರು ನೀವು. ಫೋಟೋ ಇರಲ್ಲ ಅಂತ ಮಾತು ಕೊಟ್ರಿ. ಓಡಿ ಬಂದೋಳ ಅಡ್ರೆಸ್ಸು ಹೊಡೆದೋನಿಗೆ ಗೊತ್ತಾಗೋ ಹಂಗೆ ಮಾಡಿದ್ರಿ. ಆಮೇಲೆ ಬಾಗ್ಲು ತೆಗೆಸಿ ಅವನ ಮುಂದೆ ನಿಲ್ಸಿದ್ರಿ. ನಿಮ್ಮ ತಾಯಿ ಹೆಸರಿಟ್ಟಿದ್ದೀರಲ್ಲ, ಆ ತಾಯಿ ಇದ್ದಿದ್ರೆ ಏನಂತಿದ್ರು?”

“ನಮ್ಮವ್ವನ ಸುದ್ದಿಗೆ ಬರಬೇಡಿ!” ಸಾವ್ಕಾರರು ಮೇಜು ಗುದ್ದಿದರು. “ನಾನ್ ಕಟ್ಸಿದ ಮನೆ ಅದು!”

“ಗೋಡೆ ಕಟ್ಸಿದ್ದು ನೀವು. ಒಳಗಿರೋರು ನಿಮ್ಮ ಮಂಡಿ ಮೂಟೆಗಳಲ್ಲ.”

ಅಧ್ಯಕ್ಷರು ಇಳಿಯಬೇಕು ಎಂದು ಅವಳು ಮಂಡಿಸಿದಳು. ಕೈ ಎತ್ತಿದವಳು ಅವಳೊಬ್ಬಳೇ. ಅವಳನ್ನು ತೆಗೆಯಬೇಕು ಎಂದು ಷಡ್ಡಕರು ಅಂದಾಗ ಲಾಯರ್ ಚಂದ್ರಕುಮಾರ್ ಗಂಟಲು ಸರಿಮಾಡಿಕೊಂಡರು. “ಟ್ರಸ್ಟಿನ ನಿಯಮದ ಪ್ರಕಾರ ಕಾರಣ ಬರೆದು ತೆಗೀಬೇಕಾಗುತ್ತೆ. ಏನು ಬರೆಯೋಣ?”

“ಬರೀರಿ” ಎಂದಳು ಸುಧಾಮಣಿ. “ಕೈ ಸುಟ್ಟೋನ ಕೈಗೇ ಹುಡುಗೀನ ಕೊಡೋಕೆ ಬಿಡಲಿಲ್ಲ, ಅದಕ್ಕೆ ತೆಗೆದ್ವಿ ಅಂತ ಬರೀರಿ. ಅಚ್ಚಗನ್ನಡದಲ್ಲಿ ಬರೀರಿ. ನಾನೇ ಸಹಿ ಹಾಕಿ ಕೊಡ್ತೀನಿ.”

ಯಾರೂ ಬರೆಯಲಿಲ್ಲ. ಲಾಯರೇ ಪೆನ್ನು ಕೆಳಗಿಟ್ಟು ಇನ್ನೊಂದು ಮಾತು ಎತ್ತಿದರು. ಆ ಹುಡುಗಿ ನಾಳೆ ಟ್ರಸ್ಟಿನ ಮೇಲೆಯೇ ದೂರು ಕೊಟ್ಟರೆ ಇಲ್ಲಿ ಕೂತ ಪ್ರತಿಯೊಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ ಎಂದರು. ಷಡ್ಡಕರ ಮುಖ ಬಿಳಿಚಿತು. ಅಲ್ಲಿಯವರೆಗೆ ಅಲ್ಲಾಡದ ಗುಂಡುಕಲ್ಲು ಆಗ ಉರುಳಿತು. ಮನೆಯಲ್ಲಿರುವವರನ್ನು ಯಾರಿಗೂ ತೋರಿಸಬಾರದು, ಫೋಟೋ ತೆಗೆಯಬಾರದು, ರಾಜಿಗೆ ಎಂದು ಯಾರನ್ನೂ ಕರೆಸಬಾರದು, ಬಾಗಿಲು ತೆಗೆಯುವುದು ಬಿಡುವುದು ವಾರ್ಡನ್ನಿಗೆ ಸೇರಿದ್ದು, ಅಧ್ಯಕ್ಷರಿಗಲ್ಲ. ಹೀಗೆಂದು ಸುಧಾಮಣಿ ಹೇಳಿದ್ದಕ್ಕೆಲ್ಲ ಒಬ್ಬೊಬ್ಬರಾಗಿ ಕೈ ಎತ್ತಿದರು. ಸಾವ್ಕಾರರು ಕಿಟಕಿಯ ಹೊರಗೆ ನೋಡುತ್ತಾ, ಕಡೆಗೆ ಒಂದು ಕೈ ಎತ್ತಿದರು.

ಮನೆಗೆ ಬಂದು ಶಿವಸ್ವಾಮಿಗೆ ಹೇಳುವಾಗಲೂ ಅವಳ ಮೈ ಉರಿಯುತ್ತಿತ್ತು. “ಗೆದ್ದೆಯಲ್ಲ, ಇನ್ನೇನು?” ಎಂದ ಅವನು.

“ಏನ್ ಗೆದ್ದದ್ದು? ಆ ಹುಡುಗಿ ಕೈ ನೋಡಿ ಒಬ್ರಿಗೂ ಕರುಳು ಚುರುಕ್ ಅನ್ನಲಿಲ್ಲ. ಕೋರ್ಟು ಅಂದ ತಕ್ಷಣ ಎಲ್ಲರ ಕೈ ಮೇಲೆ! ಹೆದರ್ಕಂಡು ಎತ್ತಿದ್ರು, ತಿಳ್ಕಂಡು ಎತ್ತಲಿಲ್ಲ.”

“ಹೆದರ್ಕಂಡಾರೂ ಎತ್ತುದ್ರಲ್ಲ ಬುಡು.”

“ಬುಡಲ್ಲ” ಎಂದು ತಟ್ಟೆಯನ್ನು ಸಿಂಕಿಗೆ ಎಸೆದಳು.

ಬಿಡಲೂ ಇಲ್ಲ. ಸಾವ್ಕಾರರು ಹೊಸ ಮಹಡಿಗೆ ಬೀಗ ಹಾಕಿಸಿ, ಕೆಲಸ ಬಾಕಿ ಇದೆ ಎಂದರು. ಸುಧಾಮಣಿ ಪ್ರತಿ ಮೀಟಿಂಗಿನಲ್ಲೂ ಯಾವ ಕೆಲಸ, ಎಂದು ಮುಗಿಯುತ್ತದೆ ಎಂದು ಕೇಳಿದಳು. ಬಂದ ಹೆಂಗಸರು ಕೆಳಗಿನ ಕೋಣೆಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ಬೋಂಡಾ ತರಿಸುವುದು ನಿಂತುಹೋಯಿತು. ಯಾರೂ ಅವಳ ಪಕ್ಕದ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಅವಳು ಅಲ್ಲಿ ಕೈಚೀಲ ಇಟ್ಟುಕೊಂಡಳು.

ಮಾನಸಳ ಗಂಡನಿಗೆ ಅವಳ ಹತ್ತಿರ ಸುಳಿಯದಂತೆ ಕೋರ್ಟಿನ ಆದೇಶ ಬಂತು. ಕೈ ಸುಟ್ಟ ಕೇಸು ಬೇರೆ ನಡೆಯುತ್ತಿತ್ತು. ಸಾಕ್ಷಿ ಹೇಳಲು ತಾಹಿರಾ ಹೋಗಿ ಬಂದಳು. ಮಾನಸ ಎಲ್ಲಿದ್ದಾಳೆಂದು ಸುಧಾಮಣಿಗೆ ತಿಳಿಯಲಿಲ್ಲ. ಅವಳು ಒಮ್ಮೆಯೂ ಫೋನ್ ಮಾಡಿರಲಿಲ್ಲ.

ಮಳೆಗಾಲ ಕಳೆದು ಅವರೆಕಾಯಿ ಬಂದ ಮೇಲೆ ಒಂದು ಮೀಟಿಂಗಿಗೆ ಮುಂಚೆ ಅವಳು ತಾಯ್ನೆರಳಿನ ಅಡುಗೆಮನೆಗೆ ಹೋದಳು. ತಾಹಿರಾ ಹೇಳಿದಳು: “ಮಾನಸ ಕೆಲಸಕ್ಕೆ ಸೇರ್ಕಂಡವ್ಳೆ ಮೇಡಂ. ಹೊಲಿಗೆ ಕೆಲಸ. ನೆನ್ನೆ ಮಾತಾಡುದ್ಲು. ಚೆನ್ನಾಗವ್ಳೆ.”

“ಎಲ್ಲಿ? ನಂಬರ್ ಕೊಡು, ಒಂದ್ ಮಾತಾಡ್ತೀನಿ.”

ತಾಹಿರಾ ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು. “ಕೊಡಾಕಾಗಲ್ಲ ಮೇಡಂ. ಟ್ರಸ್ಟಿನವ್ರಿಗೆ ಯಾರಿಗೂ ಕೊಡಬೇಡ ಅಂದವ್ಳೆ.”

“ನಂಗೂನಾ?”

“ನಿಮ್ಗೂನೂವೆ.”

ಸುಧಾಮಣಿಯ ಮುಖಕ್ಕೆ ರಕ್ತ ನುಗ್ಗಿತು. ಬಾಯಿ ತೆರೆದಳು. ಆ ಹುಡುಗಿಗಾಗಿ ಯಾರ ಯಾರ ಜೊತೆ ಜಗಳವಾಡಿದೆ, ಯಾರ ಮುಂದೆ ನಿಂತೆ ಎಂಬುದೆಲ್ಲ ನಾಲಿಗೆಯ ತುದಿಗೆ ಬಂತು. ತಾಹಿರಾ ಹೆದರಲಿಲ್ಲ, ಕಣ್ಣೂ ತಗ್ಗಿಸಲಿಲ್ಲ. ಸಾವ್ಕಾರರು ಬಾಗಿಲು ಬಡಿದಾಗ ತೆರೆದಿದ್ದ ಹೆಂಗಸು ಈಗ ತೆರೆಯುವವಳಲ್ಲ ಎಂದು ಸುಧಾಮಣಿಗೆ ಕಂಡಿತು.

“ಕೊಡಬೇಡ” ಎಂದಳು. ದನಿ ಗಡುಸಾಗಿಯೇ ಇತ್ತು. “ಯಾರ್ ಕೇಳುದ್ರೂ ಕೊಡಬೇಡ. ನಾನೇ ಬಂದು ಕಾಲು ಹಿಡ್ಕಂಡ್ರೂ ಕೊಡಬೇಡ. ಗೊತ್ತಾಯ್ತಾ?”

“ಗೊತ್ತಾಯ್ತು ಮೇಡಂ.”

ಸುಧಾಮಣಿ ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಇವತ್ತು ಮಹಡಿಯ ಬೀಗ ತೆಗೆಸದೆ ಎದ್ದು ಬರುವುದಿಲ್ಲ ಎಂದು ಗೊಣಗುತ್ತಾ ಮಂಡಿಯ ಕಡೆ ನಡೆದಳು.